ದೊಡ್ಡಪ್ಪನ ಬಿಸಿಲು ಮದ್ದು

ಕಡೂರಿನ ಡಾಕ್ಟರು ನನ್ನ ರಕ್ತದ ರಿಪೋರ್ಟ್ ನೋಡಿ, "ವಿಟಮಿನ್ ಡಿ ಕಮ್ಮಿ ಇದೆ, ದಿನಾ ಸ್ವಲ್ಪ ಬಿಸಿಲಿಗೆ ಕೂತ್ಕೊಳ್ಳಿ" ಎಂದರು. ನನಗೆ ನಗು ಬಂತು, ಹಿಂದೆಯೇ ನಾಚಿಕೆಯೂ. ಸಖರಾಯಪಟ್ಟಣದ ನಮ್ಮ ದೊಡ್ಡಪ್ಪನನ್ನು ಮೂರು ವರ್ಷದ ಹಿಂದೆ ಬಿಸಿಲಿಗೆ ಕೂರಿಸಿದವನು ನಾನೇ.

ಅವರಿಗೆ ಆಗ ಟಿ.ಬಿ. ಆರು ತಿಂಗಳು ಮಾತ್ರೆ ನುಂಗಬೇಕು. ಮಾತ್ರೆ ಕಂಡರೆ ಅವರಿಗೆ ಹೊಟ್ಟೆ ತೊಳೆಸುತ್ತಿತ್ತು. ನನಗೋ, ಮೊಬೈಲಿನಲ್ಲಿ ಓದಿದ್ದನ್ನು ನಾಲ್ಕು ಜನಕ್ಕೆ ಹೇಳದಿದ್ದರೆ ತಿಂದ ಅನ್ನ ಅರಗುವುದಿಲ್ಲ; ನಿಮ್ಮ ಮನೆಯಲ್ಲೂ ಇಂಥವನೊಬ್ಬ ಇರಬಹುದು. ಬಿಸಿಲಿನಿಂದ ಮೈಯಲ್ಲಿ ವಿಟಮಿನ್ ಡಿ ಹುಟ್ಟುತ್ತದೆ, ಅದಿದ್ದರೆ ರಕ್ತದ ಬಿಳಿ ಕಣಗಳು ಟಿ.ಬಿ. ಕ್ರಿಮಿಗೆ ವಿಷವನ್ನು ತಾವೇ ತಯಾರಿಸಿಕೊಳ್ಳುತ್ತವೆ ಎಂದು ಗತ್ತಿನಿಂದ ಅವರಿಗೆ ಓದಿ ವಿವರಿಸಿದೆ. ಅದು ಮಾತ್ರೆಗೆ ಬದಲಿಯಲ್ಲ ಎಂಬ ಕೊನೆಯ ಸಾಲು ಬರುವಷ್ಟರಲ್ಲಿ ಕಾಫಿ ಬಂತು, ಅದನ್ನು ಓದದೇ ಬಿಟ್ಟೆ.

ಮರುದಿನದಿಂದ ದೊಡ್ಡಪ್ಪ ಬರೀ ಪಂಚೆಯಲ್ಲಿ ತಾರಸಿ ಹತ್ತಿ, ಒಣಹಾಕಿದ ಮೆಣಸಿನಕಾಯಿಯ ಪಕ್ಕ ಕೂತರು. ಮಾತ್ರೆಗಳು ಹಿತ್ತಲಿಗೆ ಹಾರಿದವು. ಅವನ್ನು ನುಂಗಿದವರ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದಂತೆ. ಅನುಮಾನ ಬಂದ ಆಶಾ ಕಾರ್ಯಕರ್ತೆ ಒಂದು ದಿನ ಪುಟ್ಟ ಬಾಟಲಿ ಕೊಟ್ಟರು. ದೊಡ್ಡಪ್ಪ ಅಡುಗೆಮನೆ ಹಾದು ಹೋಗಿ, ತುಂಬಿಸಿ ತಂದರು. ದೊಡ್ಡಮ್ಮ ಅದನ್ನು ಕಿಟಕಿಗೆ ಹಿಡಿದು ನೋಡಿದರು.

"ಇದು ನನ್ನ ಕೇಸರಿಬಾತಿನ ಬಣ್ಣ ಕಣ್ರೀ. ದ್ರಾಕ್ಷಿ ಗೋಡಂಬಿ ಒಂದು ಹಾಕಿಲ್ಲ ಅಷ್ಟೇ."

ನಾನು ಗಟ್ಟಿಯಾಗಿ ನಕ್ಕೆ. ಆಶಾ ಕಾರ್ಯಕರ್ತೆ ನಗಲಿಲ್ಲ. "ಮಧ್ಯದಲ್ಲಿ ಬಿಟ್ರೆ ಆಮೇಲೆ ಕಾಯಿಲೆ ಈ ಮಾತ್ರೆಗೂ ಬಗ್ಗಲ್ಲ ಕಣಮ್ಮ. ಜೀವಕ್ಕೇ ಬತ್ತದೆ" ಎಂದರು. ದೊಡ್ಡಮ್ಮ ಬಾಟಲಿ ಕೆಳಗಿಟ್ಟು ದೊಡ್ಡಪ್ಪನ ಕಡೆ ತಿರುಗಿದರು. ನನಗೆ ಹೆದರಿಕೆಯಾಯಿತು. ಬಿಸಿಲಿನ ವಿಷಯ ನಾನೇ ಓದಿ ಹೇಳಿದ್ದು ಎಂದು ಒಪ್ಪಿಕೊಂಡೆ.

"ಓದಿದ್ಮೇಲೆ ಪೂರ್ತಿ ಓದ್ಬೇಕಿತ್ತು ಕಣೋ" ಎಂದರು ದೊಡ್ಡಮ್ಮ, ಅಷ್ಟೇ.

ಅಂದಿನಿಂದ ಅವರು ದಿನಾ ಎದುರಿಗೆ ನಿಂತು ಮಾತ್ರೆ ನುಂಗಿಸಿ, "ಆ ಅನ್ರೀ" ಎಂದು ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುತ್ತಿದ್ದರು. ಬಿಟ್ಟ ದಿನಗಳನ್ನೂ ಸೇರಿಸಿ ಎಂಟು ತಿಂಗಳಾಯಿತು. ಕೊನೆಯ ಕಫ ಪರೀಕ್ಷೆಯಲ್ಲಿ ಕ್ರಿಮಿ ಇಲ್ಲ ಎಂದು ಬಂದಾಗ ದೊಡ್ಡಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಮೊನ್ನೆ ಕಡೂರಿಂದ ವಾಪಸಾಗುವಾಗ ಅವರ ಮನೆಗೆ ಹೋದೆ. ದೊಡ್ಡಪ್ಪ ಜಗಲಿಯಲ್ಲಿ ಕೂತು ಪಕ್ಕದ ಮನೆಯವರಿಗೆ, "ನಂಗೆ ವಾಸಿಯಾಗಿದ್ದು ಬಿಸಿಲಿಂದ ಕಣ್ರೀ, ಮಾತ್ರೆ ಎಲ್ಲಾ ಸುಮ್ನೆ" ಎನ್ನುತ್ತಿದ್ದರು. ಈ ಸಲ ಪೂರ್ತಿ ಓದಿಕೊಂಡೇ ಬಂದಿದ್ದ ನಾನು ತಿದ್ದಲು ಬಾಯಿ ತೆರೆದೆ. ದೊಡ್ಡಮ್ಮ ನನ್ನ ತೋಳು ಹಿಡಿದು ಎಳೆದರು.

"ಪುಣ್ಯ ಬಿಸಿಲಿಗೇ ಹೋಗ್ಲಿ ಬಿಡೋ. ಗಂಡ ನಂಗುಳಿದ್ನಲ್ಲ."