ದೀಪದ ಹೊತ್ತಿಗೆ ಊರು ಸೇರಿದ ಸೆಂಟರ್ ಹಾಫ್

ಕೊಬ್ಬರಿ ಎಣ್ಣೆ ಬಿಸಿಗಿಟ್ಟು ಕರ್ಪೂರ ಪುಡಿ ಮಾಡಿ ಹಾಕುತ್ತಿದ್ದೆ. ಮಳೆಗಾಲ ಹತ್ತಿರ ಬಂತೆಂದರೆ ನಮ್ಮ ಯಜಮಾನರಿಗೆ ಸೊಂಟ ಹಿಡಿಯುತ್ತದೆ. ಕರ್ಪೂರ ಕರಗಿ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಸರಿಯಾಗಿ, ನಮ್ಮ ಹಳೆಯ ಊರಿನ ಹೆಂಗಸೊಬ್ಬಳು ಹಿತ್ತಲ ಬಾಗಿಲಿಗೆ ಬಂದು ನಿಂತಳು. ಹಾರಂಗಿಯಲ್ಲಿರುವ ಮಗಳ ಮನೆಗೆ ಹೊರಟವಳು, ದಾರಿಯಲ್ಲಿ ನನಗೊಂದು ಮಾತು ಹೇಳಿ ಹೋಗಲು ಬಸ್ಸಿಳಿದಿದ್ದಳು.

"ನಿಮ್ ಪಕ್ಕದ್ಮನೆಯೋರು ಹೋಗ್ಬಿಟ್ರು ಕಣಮ್ಮ. ಮೊನ್ನೆನೇ. ಮಣ್ಣೂ ಆಯ್ತು."

ಅವಳಿಗೆ ಕಾಫಿ ಕೊಟ್ಟೆ, ಕಳಿಸಿದೆ. ಎಣ್ಣೆ ಬಟ್ಟಲು ಒಲೆಯ ಪಕ್ಕದಲ್ಲೇ ಇತ್ತು. ಆ ವಾಸನೆ ಎಷ್ಟೋ ವರ್ಷದಿಂದ ನಮ್ಮ ಯಜಮಾನರ ಸೊಂಟದ್ದೇ ಆಗಿಹೋಗಿದೆ. ಆದರೆ ಮೊದಲು ಅದು ಅವರದಾಗಿತ್ತು... ಆ ಹಳೆಯ ಊರಿನಲ್ಲಿ ಪಕ್ಕದ ಮನೆಯಲ್ಲಿದ್ದ ನನ್ನ ಮೈದುನನದು.

ಸ್ವಂತ ಮೈದುನನಲ್ಲ. ಊರಿನ ಲೆಕ್ಕದಲ್ಲಿ ನಮ್ಮ ಯಜಮಾನರಿಗೆ ತಮ್ಮನಾಗಬೇಕು, ನನ್ನನ್ನು ಅತ್ತಿಗೆ ಎನ್ನುತ್ತಿದ್ದರು. ನಾನು ಮದುವೆಯಾಗಿ ಸೋಮವಾರಪೇಟೆ ಹತ್ತಿರದ ಆ ಊರಿಗೆ ಹೋದಾಗ ಕೊಡಗು ಇನ್ನೂ ಬೇರೆಯೇ ರಾಜ್ಯ. ನಮ್ಮದೇ ಮಂತ್ರಿಗಳು, ನಮ್ಮದೇ ಶಾಸನಸಭೆ. ಈಗಿನ ಮಕ್ಕಳಿಗೆ ಹೇಳಿದರೆ ಅಜ್ಜಿ ಕತೆ ಕಟ್ಟುತ್ತಾಳೆ ಎನ್ನುತ್ತಾರೆ. ನಮ್ಮ ಯಜಮಾನರು ಸಿದ್ದಾಪುರದ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದರು, ತಿಂಗಳಿಗೊಮ್ಮೆ ಬರುತ್ತಿದ್ದರು. ಹೊಸ ಹೆಣ್ಣು ನಾನು, ಅತ್ತೆ ಇರಲಿಲ್ಲ, ಮಾವ ಮಾತ್ರ. ಬೇಸರದಲ್ಲಿ ಅಳಬೇಕಾದವಳನ್ನು ದೇವರು ಒಂದು ರೀತಿಯಲ್ಲಿ ಕಾಪಾಡಿದ. ನಮ್ಮ ಜಗಲಿಯಲ್ಲಿ ವಾರವೆಲ್ಲ ಹಾಕಿ ಆಟದ್ದೇ ಮಾತು.

ಸೋಮವಾರಪೇಟೆಯ ತಂಡದಲ್ಲಿ ನಮ್ಮ ಊರಿನವರು ಮೈದುನ ಒಬ್ಬರೇ, ಸೆಂಟರ್ ಹಾಫ್. ಮೈದಾನದ ನಟ್ಟನಡುವೆ ನಿಂತು, ಹಿಂದಿನವರಿಗೂ ಮುಂದಿನವರಿಗೂ ಚೆಂಡು ಸಾಗಿಸುವ ಕೆಲಸ ಎಂದು ಮಾವ ನನಗೆ ಬೆಂಕಿಪೊಟ್ಟಣ, ಅಡಿಕೆ ಚೂರು ಇಟ್ಟು ತೋರಿಸಿಕೊಟ್ಟಿದ್ದರು. ಆಟ ಮುಗಿಸಿ ಬಂದ ಸಂಜೆ ಮೈದುನ ಕಾಲು ಎಳೆಯುತ್ತ ನಮ್ಮ ಅಡುಗೆಮನೆ ಬಾಗಿಲಿಗೆ ಬರುತ್ತಿದ್ದರು. ಅವರ ತಾಯಿಗೆ ಕಣ್ಣು ಮಂಜು, ಒಲೆಯ ಹತ್ತಿರ ಹೋಗುವುದು ಕಷ್ಟ. "ಅತ್ಗೆ, ಒಂಚೂರು ಎಣ್ಣೆ" ಎಂದು ಬಟ್ಟಲು ಹಿಡಿಯುತ್ತಿದ್ದರು. ನಾನು ಕರ್ಪೂರ ಹಾಕಿ ಕಾಸಿ ಕೊಡುತ್ತಿದ್ದೆ. ಜಗಲಿಯ ಮೆಟ್ಟಿಲ ಮೇಲೆ ಕಾಲು ಚಾಚಿ ತಿಕ್ಕಿಕೊಳ್ಳುತ್ತ ಕೂರುತ್ತಿದ್ದರು. ಮೇಲೆ ಮೂರು ಜನ ಅವರ ಆಟವನ್ನು ಹಿಂಜುತ್ತಿದ್ದರು, ಅವರು ಅಲ್ಲಿಲ್ಲವೇ ಇಲ್ಲ ಎಂಬಂತೆ.

ಒಬ್ಬರು ನಮ್ಮ ಮಾವ. ಇನ್ನೊಬ್ಬರು ಶಾಲೆಯ ಮೇಷ್ಟ್ರು. ಮೂರನೆಯವರು ಮೇಲಿನ ಏಲಕ್ಕಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ತಲಶ್ಶೇರಿ ಕಡೆಯವರು. ಸಿಟ್ಟು ಮಿತಿಯೊಳಗಿದ್ದರೆ ಕನ್ನಡದಲ್ಲಿ ಬೈಯುತ್ತಿದ್ದರು, ಮೀರಿದರೆ ಮಲಯಾಳಕ್ಕೆ ಹೊರಳುತ್ತಿದ್ದರು.

"ಐದೈದು ಜನ ಮುಂದೆ ಓಡಿದ್ರೆ ಹಿಂದೆ ಮನೆ ಕಾಯೋರ್ಯಾರು?" ಎಂದು ಮಾವ ಶುರು ಮಾಡುತ್ತಿದ್ದರು.

"ಓಡ್ದೆ ಕೂತ್ರೆ ಗೋಲು ತಾನೇ ನಡ್ಕಂಡ್ ಬರ್ತದಾ ಗೌಡ್ರೇ?" ಎಂದು ರೈಟರು.

"ಚೆಂಡೆಲ್ಲ ಬಲಗಡೆಯವನಿಗೇ ಕೊಡ್ತಾರಲ್ಲ, ಎಡಗಡೆಯವನು ಏನು, ದನ ಮೇಯ್ಸಕ್ಕೆ ಬಂದಿದಾನಾ?" ಎಂದು ಮೇಷ್ಟ್ರು. ಆಮೇಲೆ ಮೂವರೂ ಸೇರಿ ಮೆಟ್ಟಿಲ ಕಡೆ ತಿರುಗುತ್ತಿದ್ದರು. "ಇವನೂ ಹಂಗೇಯ. ಚೆಂಡು ಸಿಕ್ಕಿದ್ ಗಳಿಗೇಲೇ ಇನ್ನೊಬ್ಬರಿಗೆ ಕೊಟ್ಟು ಕೈ ತೊಳ್ಕತಾನೆ. ತಾನೂ ಒಂದ್ ಗೋಲು ಹೊಡೀಬೇಕು ಅನ್ನೋ ಆಸೆನೇ ಇಲ್ಲ."

ಮೈದುನ ನಗುತ್ತಿದ್ದರು. ಆಸೆ ಇರಲಿಲ್ಲವೆಂದಲ್ಲ. ಅವರಿಗೊಂದೇ ಆಸೆ ಇತ್ತು, ಅದು ಊರಿಗೆಲ್ಲ ಗೊತ್ತಿತ್ತು. ಕೊಡಗು ರಾಜ್ಯದ ತಂಡದಲ್ಲಿ ಒಂದು ಸಲ ಆಡಬೇಕು. ಒಂದೇ ಸಲ.

ಆಗ ಕೊಡಗು ಮೈಸೂರಿಗೆ ಸೇರುತ್ತದಂತೆ ಎಂಬ ಮಾತು ಎಲ್ಲೆಲ್ಲೂ. ಜಗಲಿಯ ದೊಡ್ಡ ಜಗಳವೆಲ್ಲ ಅದರ ಮೇಲೆಯೇ. ಸೇರಿದ ಮೇಲೆ ನಮ್ಮ ತಂಡ ಏನಾಗುತ್ತದೆ? ಮೈಸೂರಿನವರು ನಮ್ಮ ಹುಡುಗರನ್ನು ಕರೆಯುತ್ತಾರೆಯೇ, ಇಲ್ಲ ಇಲ್ಲೇ ಬಿಡುತ್ತಾರೆಯೇ? "ಬರೋ ವರ್ಷ ಕೊಡಗು ತಂಡದ ಬನಿಯನ್ನೇ ಇರಲ್ಲ, ಆಡೋರು ಈ ವರ್ಷನೇ ಆಡ್ಬೇಕು" ಎಂದು ಮೇಷ್ಟ್ರು ಹೇಳಿದಾಗ ಮೈದುನ ಎಣ್ಣೆ ತಿಕ್ಕುವುದನ್ನು ನಿಲ್ಲಿಸಿದ್ದು ಬಾಗಿಲ ಸಂದಿಯಿಂದ ನನಗೆ ಕಂಡಿತ್ತು.

ಇನ್ನೊಂದು ಜಗಳ ಮಡಿಕೇರಿಯ ಪತ್ರಿಕೆಯದು. ವಾರಕ್ಕೊಮ್ಮೆ ಸಂತೆಯ ದಿನ ಊರಿಗೆ ಬರುತ್ತಿತ್ತು, ಮೇಷ್ಟ್ರು ಗಟ್ಟಿಯಾಗಿ ಓದುತ್ತಿದ್ದರು. ಅದರಲ್ಲಿ ಆಟದ ಸುದ್ದಿ ಬರೆಯುವವರು ನಮ್ಮವರನ್ನು 'ಸಂತೆ ತಂಡ' ಎಂದು ಬರೆದಿದ್ದರು. ಹನ್ನೊಂದು ಜನ ಹನ್ನೊಂದು ದಿಕ್ಕಿಗೆ ಕೂಗುತ್ತಾರೆ ಎಂದು. ಅವತ್ತಿನಿಂದ ತಂಡದ ಕ್ಯಾಪ್ಟನ್ ಪತ್ರಿಕೆಯವರ ಜೊತೆ ಯಾರೂ ತುಟಿ ಬಿಚ್ಚಬಾರದೆಂದು ಕಟ್ಟಪ್ಪಣೆ ಮಾಡಿದ್ದರು. ರೈಟರಿಗೆ ಅದು ಸರಿ ಎನಿಸಿತ್ತು. ಮೇಷ್ಟ್ರಿಗೆ ಇಲ್ಲ.

"ಮಾತು ಬಿಟ್ರೆ ಅವ್ರು ಬರ್ದಿದ್ದೇ ನಿಜ ಆಗ್ತದೆ. ಒಂದ್ ಬಾಟ್ಲಿ ಜೇನುತುಪ್ಪ ಕಳ್ಸಿ ನೋಡಿ" ಎಂದರು ಮೇಷ್ಟ್ರು.

"ಲಂಚವಾ?"

"ಅಲ್ಲ ರೈಟರೇ, ಪಥ್ಯ. ಪೆನ್ನಿಗೆ ಕಹಿ ಜಾಸ್ತಿ ಆಗ್ಯದೆ."

ಮಾವ ನಕ್ಕು ಕಾಫಿ ಚೆಲ್ಲಿಕೊಂಡಿದ್ದರು. ಜೇನು ಹೋಗಲಿಲ್ಲ. ಹೋಗಿದ್ದರೆ... ಏನೋ, ನನಗೆ ತಿಳಿಯದು.

ಆ ಬೇಸಿಗೆಯಲ್ಲಿ ನಮ್ಮ ತಂಡ ಮಡಿಕೇರಿಯಲ್ಲಿ ಫೈನಲ್ ಮುಟ್ಟಿತು. ಅದನ್ನು ನೋಡಿಯೇ ರಾಜ್ಯದ ತಂಡವನ್ನು ಆರಿಸುತ್ತಾರೆಂದು ಸುದ್ದಿ. ಆದರೆ ಫೈನಲ್ ಬಿದ್ದದ್ದು ನಮ್ಮ ಊರಿನ ಸುಗ್ಗಿಯ ದಿನ.

ನಮ್ಮ ಕಡೆಯ ಸುಗ್ಗಿ ಎಂದರೆ ಕಟ್ಟು, ಊರಿಗೆ ಊರೇ ಪಾಲಿಸುವ ನೇಮ. ಊರಲ್ಲಿ ಡಂಗುರ ಹೊಡೆದು ಸಾರು ಹಾಕಿದ ದಿನದಿಂದ ದೇವಿಯ ಹಬ್ಬ ಮುಗಿಯುವ ತನಕ ಹಸಿ ಗಿಡ ಕಡಿಯುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ, ಚಪ್ಪಲಿ ಮೆಟ್ಟುವಂತಿಲ್ಲ. ಹಗಲು ಎಲ್ಲಿಗೆ ಹೋದರೂ ದೀಪ ಹಚ್ಚುವ ಹೊತ್ತಿಗೆ ಊರಿನವರು ಊರೊಳಗಿರಬೇಕು. ಅದರ ಮೇಲೆ ಆ ವರ್ಷ ದೇವಿಯ ಒಡವೆ ಪೆಟ್ಟಿಗೆ ಹೊರುವ ಸರದಿ ಪಕ್ಕದ ಮನೆಯವರದು. ಆ ಮನೆಗೆ ಇವರೊಬ್ಬರೇ ಗಂಡಸು. ಬೇರೆ ಮನೆಯವರು ಆ ಪೆಟ್ಟಿಗೆ ಮುಟ್ಟುವಂತಿಲ್ಲ. ಅದು ಏಳದೆ ಹಬ್ಬವೂ ಏಳುವುದಿಲ್ಲ.

ಜಗಲಿ ಎರಡು ದಿನ ಕಾದ ಹಂಚಾಗಿತ್ತು. ಕೊನೆಗೆ ರೈಟರೇ ದಾರಿ ಹುಡುಕಿದರು. ಆಟ ಊಟದ ಹೊತ್ತು ಕಳೆದ ಕೂಡಲೇ ಶುರುವಾಗುತ್ತದೆ. ಎಸ್ಟೇಟಿನ ಲಾರಿಯನ್ನು ಮೈದಾನದ ಹೊರಗೇ ನಿಲ್ಲಿಸಿಕೊಳ್ಳುವುದು. ಮುಗಿದ ತಕ್ಷಣ ಹೊರಟರೆ ಹೊತ್ತು ಮುಳುಗುವ ಮುಂಚೆ ಊರು. ಕ್ಯಾಪ್ಟನ್‌ಗೂ ಮೊದಲೇ ಹೇಳಿಟ್ಟರು. "ಕಟ್ಟಲ್ಲಿ ಚಪ್ಪಲಿ ಇಲ್ಲ, ಆಟದಲ್ಲಿ ನಮ್ಮೋರಿಗೆ ಬೂಟಿಲ್ಲ. ದೇವಿಗೆ ಅದ್ರಲ್ಲೇನೂ ತಕರಾರಿಲ್ಲ" ಎಂದರು ಮಾವ. ಮೈದುನನ ತಾಯಿ ಮಾತ್ರ ನಗಲಿಲ್ಲ. "ಹೋಗು ಮಗ. ದೀಪದ ಹೊತ್ತಿಗೆ ಪೆಟ್ಟಿಗೆ ಹತ್ರ ಇರು. ನಂಗೆ ಇನ್ನೇನೂ ಬೇಡ" ಎಂದರು.

ಬೆಳಿಗ್ಗೆ ಎಣ್ಣೆ ಬಾಟಲಿ ತೆಗೆದುಕೊಂಡು ಹೋಗಲು ಬಂದವರು ನನಗೆ ಹೇಳಿದರು: "ಅತ್ಗೆ, ಆಟ ಬೇಗ ಮುಗೀಲಿ ಅಂತ ದೇವಿಗೆ ಒಂದ್ ಕೈ ಮುಗೀರಿ."

"ಗೆಲ್ಲಲಿ ಅಂತ ಬೇಡ್ಕಳ್ಳೋದು ಬ್ಯಾಡ್ವಾ?"

"ಅದು ನನ್ನ ಕೆಲ್ಸ. ಹೊತ್ತು ನೋಡ್ಕಳ್ಳೋದು ಅವಳದು."

ನಾನು ಎರಡನ್ನೂ ಬೇಡಿಕೊಂಡೆ.

ಅಲ್ಲಿ ನಡೆದದ್ದನ್ನು ರೈಟರು ಆಮೇಲೆ ಹೇಳಿದರು. ಮುಖ್ಯ ಅತಿಥಿ ತಡವಾಗಿ ಬಂದರು. ಅವರಿಗೆ ಹಾರ ಹಾಕಿ, ಅವರು ಎಲ್ಲರ ಕೈ ಕುಲುಕಿ, ಆಟ ಶುರುವಾಗುವಾಗಲೇ ಬಿಸಿಲು ಓರೆಯಾಗಿತ್ತು. ಅಂದು ಮೈದುನ ಆಡಿದ ಆಟವನ್ನು ರೈಟರು ಯಾವ ಭಾಷೆಯಲ್ಲೂ ಬೈಯಲಿಲ್ಲ. ಎರಡೂ ಕಡೆ ಒಂದೊಂದು ಗೋಲು. ಅವಧಿ ಮುಗಿಯಿತು. ಅಂಪೈರು ಇನ್ನಷ್ಟು ಹೊತ್ತು ಆಡಿಸಬೇಕೆಂದರು. ಮೈದುನ ಒಮ್ಮೆ ಹೊತ್ತು ಇಳಿಯುತ್ತಿದ್ದ ಬೆಟ್ಟದ ಕಡೆ ನೋಡಿದರು. ಕ್ಯಾಪ್ಟನ್ ಹತ್ತಿರ ಹೋಗಿ ಏನೋ ಹೇಳಿದರು. ಕ್ಯಾಪ್ಟನ್ ಮೈದುನನ ತೋಳು ಹಿಡಿದುಕೊಂಡರು. ಮೈದುನ ಮೆಲ್ಲಗೆ ಆ ಕೈ ಬಿಡಿಸಿಕೊಂಡು ಮೈದಾನದಿಂದ ಹೊರಗೆ ನಡೆದರು. ಬದಲಿಗೆ ಇನ್ನೊಬ್ಬರನ್ನು ಇಳಿಸುವ ಪದ್ಧತಿ ಆಗ ಇರಲಿಲ್ಲ. ಜನ ಕೂಗಿದರು, ಕಿತ್ತಳೆ ಸಿಪ್ಪೆ ಎಸೆದರು. ಅವರು ತಿರುಗಿ ನೋಡದೆ ಲಾರಿ ಹತ್ತಿದರಂತೆ.

ಈ ಕಡೆ ನಾವು ಹೆಂಗಸರು ದೇವಿಯ ಬನದ ಹತ್ತಿರ ನಿಂತಿದ್ದೆವು. ಹಿರಿಯರು ಪಡುವಣಕ್ಕೆ ಮುಖ ಮಾಡಿ ಕೂತಿದ್ದರು. ಮೈದುನನ ತಾಯಿ ನನ್ನ ಕೈ ಹಿಡಿದುಕೊಂಡು, "ಬಂದ್ನಾ, ನೋಡವ್ವಾ, ಬಂದ್ನಾ" ಎಂದು ಕೇಳುತ್ತಲೇ ಇದ್ದರು. ಇನ್ನೇನು ಮಬ್ಬು ಕವಿಯಬೇಕು, ರಸ್ತೆಯಲ್ಲಿ ಲಾರಿ ಇಳಿದ ಮೈದುನ ಗದ್ದೆಯ ಏರಿ ಮೇಲೆ ಓಡಿ ಬರುವುದು ಕಂಡಿತು. ಮೊಣಕಾಲ ತನಕ ಕೆಂಪು ಮಣ್ಣು. ಹೊಂಡದಲ್ಲಿ ಮುಳುಗು ಹಾಕಿ, ಒದ್ದೆ ಪಂಚೆಯಲ್ಲೇ ಬಂದು ಪೆಟ್ಟಿಗೆಗೆ ಹೆಗಲು ಕೊಟ್ಟರು. ಅದೇ ಗಳಿಗೆಗೆ ದೀಪ ಹತ್ತಿತು. "ಬಂದ್ರು ಅವ್ವಾ" ಎಂದೆ. ಆ ತಾಯಿಯ ಕೈ ನನ್ನ ಕೈಯೊಳಗೆ ಸಡಿಲವಾದದ್ದು ಈಗಲೂ ನೆನಪಿದೆ. ಆಟ ಏನಾಯಿತೆಂದು ಅವತ್ತು ಯಾರೂ ಕೇಳಲಿಲ್ಲ.

ಹತ್ತೇ ಜನ ಆಡಿದ ನಮ್ಮ ತಂಡ ಸೋತಿತ್ತು.

ಸಂತೆಯ ದಿನ ಪತ್ರಿಕೆ ಬಂತು. ಸೋಲಿನ ಭಯಕ್ಕೆ ಸೆಂಟರ್ ಹಾಫ್ ಮೈದಾನ ಬಿಟ್ಟು ಓಡಿದರೆಂದು ಬರೆದಿತ್ತು. ಮೇಷ್ಟ್ರ ದನಿ ಓದುತ್ತ ಓದುತ್ತ ಇಳಿದುಹೋಯಿತು. ರೈಟರು ಮಲಯಾಳದಲ್ಲಿ ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಕ್ಯಾಪ್ಟನ್ ಪತ್ರಿಕೆಯವರಿಗೆ ನಿಜವಾದ ಕಾರಣ ಹೇಳಿರಲಿಲ್ಲ. ಪತ್ರಿಕೆಯ ಮೇಲಿದ್ದ ಹಟ ಒಂದು, ಇವರ ಮೇಲಿನ ಸಿಟ್ಟು ಇನ್ನೊಂದು.

"ನಾಳೆನೇ ನಿಜ ಬರ್ದು ಕಳಿಸ್ತೀನಿ. ತಂಡ ಆರ್ಸೋರು ಇನ್ನೂ ಕೂತಿಲ್ಲ. ಹೊತ್ತು ಮೀರಿಲ್ಲ" ಎಂದರು ಮೇಷ್ಟ್ರು.

ಮೆಟ್ಟಿಲ ಮೇಲಿಂದ ಮೈದುನ ತಲೆ ಎತ್ತಿದರು. "ಬ್ಯಾಡಿ ಮೇಷ್ಟ್ರೇ."

"ಯಾಕಯ್ಯ? ಹೇಡಿ ಅಂತ ಬರ್ದವ್ರೆ ನಿನ್ನ! ಹಿಂಗೇ ಬಿಟ್ರೆ ನಿನ್ನ ಹೆಸರು ಅವರ ಬಾಯಲ್ಲೂ ಬರಲ್ಲ."

"ದೇವಿ ಕಟ್ಟಿಂದ ಸೋತ್ರಂತೆ ಅಂತ ಮಡಿಕೇರಿ ತುಂಬಾ ಆಡ್ಕಂಡು ನಗ್ತಾರೆ. ನನ್ನ ಹೆಸರು ಕೆಟ್ರೆ ಕೆಡ್ಲಿ. ಅವಳ ಹೆಸರ್ಯಾಕೆ ಎಳೀತೀರಿ?"

ಮೇಷ್ಟ್ರು ಪತ್ರಿಕೆ ಮಡಚಿ ಪಕ್ಕಕ್ಕಿಟ್ಟರು. ಮಾವ ತಮ್ಮ ಕಾಫಿ ಲೋಟ ಮುಂದಕ್ಕೆ ಸರಿಸಿ, "ಇದ್ನ ಕುಡಿ" ಎಂದರು.

ತಂಡ ಆರಿಸಿದರು. ಅವರ ಹೆಸರಿರಲಿಲ್ಲ. ಮಳೆ ಹಿಡಿಯಿತು, ಬಿಟ್ಟಿತು. ಆ ವರ್ಷ ಕಳೆಯುವ ಮೊದಲೇ ಕೊಡಗು ಮೈಸೂರಿಗೆ ಸೇರಿತು. ಇನ್ನು ಕೊಡಗು ರಾಜ್ಯದ ತಂಡ ಎಂಬುದೇ ಇಲ್ಲ. ಜಗಲಿಯ ಮಾತೂ ಹಾಗೇ ತೆಳುವಾಗುತ್ತ ಬಂತು. ಮೇಷ್ಟ್ರಿಗೆ ವರ್ಗವಾಯಿತು, ರೈಟರು ತಮ್ಮ ಊರಿಗೆ ಹೋದರು. ಮಾವ ತೀರಿಕೊಂಡ ಮೇಲೆ ನಾವೂ ಮನೆ ಬಿಟ್ಟು ಈ ಕಡೆ ಬಂದೆವು. ಮೈದುನ ಮಾತ್ರ ಅಲ್ಲೇ ಇದ್ದರು. ಗದ್ದೆ, ಒಂದಿಷ್ಟು ಏಲಕ್ಕಿ, ತಾಯಿ, ಆಮೇಲೆ ಹೆಂಡತಿ ಮಕ್ಕಳು. ತಾಯಿಯನ್ನು ಕೊನೆತನಕ ಚೆನ್ನಾಗಿ ನೋಡಿಕೊಂಡರು.

ಎಷ್ಟೋ ವರ್ಷದ ಮೇಲೆ ಸೋಮವಾರಪೇಟೆಯ ಒಂದು ಮದುವೆಯಲ್ಲಿ ಸಿಕ್ಕರು. ಕೂದಲು ನೆರೆತಿತ್ತು. ಊಟದ ಪಂಕ್ತಿ ಏಳುವುದನ್ನು ಕಾಯುತ್ತ ಗೋಡೆ ಪಕ್ಕ ನಿಂತಿದ್ದೆವು. ಆ ವಯಸ್ಸಿಗೆ ಬಂದಿದ್ದ ಧೈರ್ಯದಲ್ಲಿ ಕೇಳಿಯೇಬಿಟ್ಟೆ. "ಒಂದ್ ಸಲನಾದ್ರೂ ಆ ಬನಿಯನ್ ಹಾಕ್ಬೋದಿತ್ತು. ಬೇಜಾರಿಲ್ವಾ ನಿಮಗೆ?"

ಇಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ. ದೇವರಲ್ಲಿ ನಂಬಿಕೆಯಿರುವವರು ಹಾಗೇ ಹೇಳಬೇಕೆಂದು ನನ್ನ ಲೆಕ್ಕ.

"ಅದೆ ಅತ್ಗೆ. ಯಾಕಿಲ್ಲ?" ಎಂದರು. "ವರ್ಷ ವರ್ಷ ಸುಗ್ಗಿಲಿ ಅವಳ ಮುಂದೆ ನಿಂತಾಗ ಹೇಳ್ತೀನಿ. ನಿನ್ನ ಮೇಲೆ ನಂಗೆ ಬೇಜಾರದೆ ತಾಯಿ ಅಂತ. ಅವಳಿಗೆ ಹೇಳ್ದೆ ಇನ್ಯಾರಿಗೆ ಹೇಳ್ಲಿ?"

ಹೇಳಿ ನಕ್ಕರು. ಪಂಕ್ತಿ ಎದ್ದಿತು, ಗಂಡಸರ ಕಡೆ ಹೋದರು. ಅದೇ ಕೊನೆ. ಮತ್ತೆ ನೋಡಲಿಲ್ಲ.

ಅವತ್ತಿನಿಂದ ನಾನೂ ದೇವರ ಮುಂದೆ ಬರೀ ಉಪಕಾರಗಳನ್ನಷ್ಟೇ ಎಣಿಸುವುದನ್ನು ಬಿಟ್ಟೆ. ಕೊಟ್ಟದ್ದಕ್ಕೆ ಕೈ ಮುಗಿಯುತ್ತೇನೆ, ಕೊಡದೆ ಹೋದದ್ದನ್ನೂ ಮೆಲ್ಲಗೆ ಹೇಳುತ್ತೇನೆ. ಮನಸ್ಸು ಹಗುರಾಗುತ್ತದೆ. ಅದೂ ಅವರಿಂದ ಸಿಕ್ಕಿದ್ದೇ.

ಅವರು ಯಾಕೆ ಮೈದಾನ ಬಿಟ್ಟರೆಂದು ಜಗಲಿಯಲ್ಲಿ ಕೂತು ಕೇಳಿದವರು ಯಾರೂ ಈಗ ಉಳಿದಿಲ್ಲ. ನಾನೊಬ್ಬಳು, ಅದೂ ಬಾಗಿಲ ಸಂದಿಯಿಂದ ಕೇಳಿದವಳು. ಪತ್ರಿಕೆ ಬರೆದದ್ದು ಮಾತ್ರ ಯಾವುದೋ ಮೂಲೆಯಲ್ಲಿ ಹಾಗೇ ಇರಬಹುದು. ಅದಕ್ಕೇ ಇದನ್ನು ಬರೆದೆ. ಅವರಿಗೆ ಇಷ್ಟವಾಗುತ್ತಿರಲಿಲ್ಲ. ಆದರೆ ಈಗ ದೇವಿಯ ಹೆಸರಿಗೆ ಕುಂದು ತರುವಷ್ಟು ನೆನಪು ಆ ಸೋಲಿನ ಬಗ್ಗೆ ಯಾರಿಗಿದೆ?

ಆ ದಿನ ಸುದ್ದಿ ತಂದವಳು ಅತ್ತ ಹೋದ ಮೇಲೆ ನಡುಮನೆಯಿಂದ ಯಜಮಾನರು ಕೂಗಿದರು. "ಯಾರೇ ಬಂದಿದ್ದು? ಯಾರು ಹೋದ್ರಂತೆ?"

"ನಮ್ಮ ಸೆಂಟರ್ ಹಾಫು" ಎಂದೆ.

ಯಜಮಾನರು ಗೋಡೆ ಕಡೆ ಮಗ್ಗುಲಾದರು. ಆ ಬೇಸಿಗೆಯೆಲ್ಲ ಸಿದ್ದಾಪುರದಲ್ಲೇ ಇದ್ದವರು ಅವರು, ಒಂದು ಆಟವನ್ನೂ ನೋಡಿದವರಲ್ಲ. ಸೊಂಟಕ್ಕೆ ಎಣ್ಣೆ ಹಚ್ಚಿ, ಬಿಸಿನೀರು ಕೊಟ್ಟು ಬಂದೆ. ಅಂಗಳದಲ್ಲಿ ಒಣಗಲು ಹಾಕಿದ್ದ ಮೆಣಸಿಗೆ ಮೋಡದ ನೆರಳು ಬಿದ್ದಿತ್ತು. ಮೊರ ತೆಗೆದುಕೊಂಡು ಬಾಚಲು ಕೂತೆ.