ದೊಡ್ಡಪತ್ರೆ ಎಂದರೆ ದೊಡ್ಡ ಎಲೆಯಲ್ಲ

ಉತ್ತರದ ಹಿಂದಿ ಸೀಮೆಯಲ್ಲಿ, ರೋಹಿಣಿ ಬಡಾವಣೆಯ ನಮ್ಮ ನೆಲಮಹಡಿ ಮನೆಯ ಮುಂದೆ ನಾಲ್ಕು ಚಾಪೆಯಗಲದ ತೋಟವಿದೆ. ಏಪ್ರಿಲ್ ಬಂತೆಂದರೆ ಅಲ್ಲಿ ಎಲ್ಲವೂ ಕರಕಲು. ಹೋದ ವರ್ಷ ನರ್ಸರಿಯ ಭಯ್ಯಾ ಫಾಕ್ಸ್‌ಗ್ಲವ್ ಎಂಬ ಹೂಗಿಡದ ಮೂರು ಸಸಿ ಕೊಟ್ಟು, ಇದು ಬೀಜ ಕಟ್ಟದ ಹೈಬ್ರಿಡ್, ಅದಕ್ಕೇ ಹೂ ಬಿಡುವುದನ್ನು ಬೇಗ ನಿಲ್ಲಿಸುವುದಿಲ್ಲ ಎಂದ. ಆದರೆ ಎಲೆ ವಿಷ, ಜೋಪಾನ ಎಂದೂ ಹೇಳಿದ. ಎಲೆ ಯಾರು ತಿಂತಾರೆ ಎಂದುಕೊಂಡು ನಾನು ಮನೆಯಲ್ಲಿ ಬಾಯಿ ಬಿಡಲಿಲ್ಲ. ಹಸಿರು ಬಲೆ ಕಟ್ಟಿ ನೆರಳು ಮಾಡಿದೆ. ಗಿಡ ಎದೆಯೆತ್ತರ ಬೆಳೆದು, ಕಡ್ಡಿ ತುಂಬ ಗುಲಾಬಿ ಗಂಟೆಗಳನ್ನು ತೂಗಿಕೊಂಡಿತು.

ನನಗೆ ಕನ್ನಡ ಬಂದದ್ದು ನನ್ನ ಅಜ್ಜಿಯ ಬಾಯಿಂದ. ಒಂದೊಂದು ಮಾತನ್ನೂ ಅವಳು ಬಟಾಣಿ ಸುಲಿದ ಹಾಗೆ ಬಿಡಿಸಿ ತೋರಿಸುತ್ತಿದ್ದಳು. ಅದೇ ಚಾಳಿಯಲ್ಲಿ ಅಪ್ಪನಾದ ನಾನೂ ಒಂಬತ್ತು ವರ್ಷದ ಮಗಳಿಗೆ ಹಿಂದಿಯಲ್ಲಿ ಹೇಳಿಕೊಟ್ಟಿದ್ದೆ: ದೊಡ್ಡ ಅಂದರೆ ಬಡಾ, ಪತ್ರೆ ಅಂದರೆ ಪತ್ತಾ, ಎಲೆ.

ಆ ಭಾನುವಾರ ಅಡುಗೆಮನೆಯಿಂದ ನನ್ನ ಅಮ್ಮ ಮೊಮ್ಮಗಳನ್ನು ಕೂಗಿದಳು, "ಪುಟ್ಟೀ, ತಂಬುಳಿಗೆ ನಾಲ್ಕು ದೊಡ್ಡಪತ್ರೆ ತಾರೇ!"

ನಾನು ಸ್ನಾನ ಮುಗಿಸಿ ಬಂದಾಗ ತಂಬುಳಿ ಸಿದ್ಧವಾಗಿತ್ತು. ದೊಡ್ಡಪತ್ರೆ ತುಪ್ಪದಲ್ಲಿ ಬಾಡಿದರೆ ಬಾಗಿಲ ತನಕ ಘಮ ಬರಬೇಕು. ಬಂದಿರಲಿಲ್ಲ. ಜ್ವರ ಬಂದು ಹೋದ ಮೇಲೆ ಅಮ್ಮನಿಗೆ ವಾಸನೆಯೇ ತಿಳಿಯದು, ಕನ್ನಡಕವಿಲ್ಲದೆ ಎಲೆಯೂ ಸರಿಯಾಗಿ ಕಾಣದು.

"ಯಾವ ಎಲೆ ಹಾಕಿದೆಯಮ್ಮ?"

"ಇವಳು ತಂದದ್ದು. ಉಪ್ಪು ನೋಡಿದೆ, ಯಾಕೋ ಕಹಿ."

"ಅಜ್ಜಿ ಬಡಾ ಪತ್ತಾ ಬೋಲೀ ನಾ!" ಮಗಳು ಹೆಮ್ಮೆಯಿಂದ ಅಂದಳು. "ಸಬ್ ಸೇ ಬಡಾ ಲಾಯೀ." ಎಲ್ಲಕ್ಕಿಂತ ದೊಡ್ಡ ಎಲೆಯನ್ನೇ ಹುಡುಕಿ ತಂದಿದ್ದಳು.

ಹೊರಗೆ ಓಡಿದೆ. ಫಾಕ್ಸ್‌ಗ್ಲವ್ ಬುಡದಲ್ಲಿ ನಾಲ್ಕು ಎಲೆ ಮುರಿದ ಗುರುತು. ಅಮ್ಮನ ಎದೆಬಡಿತ ಮೊದಲೇ ಏರುಪೇರು, ಅದಕ್ಕೆ ದಿನಾ ಮಾತ್ರೆ. ಇನ್ನೊಂದು ಎಲೆ ಕಿತ್ತು ಚೀಲಕ್ಕೆ ಹಾಕಿಕೊಂಡು ಅವಳನ್ನು ಆಸ್ಪತ್ರೆಗೆ ಕರೆದೊಯ್ದೆ.

ಆ ವಿಷ ತಗಲುವುದು ಎದೆಬಡಿತಕ್ಕೇ ಎಂದು ಎದೆಗೆ ತಂತಿ ಅಂಟಿಸಿ ಮಲಗಿಸಿದರು. ಪರದೆಯ ಗೆರೆ ತಡವರಿಸಿದಾಗಲೆಲ್ಲ ನಾನು ನರ್ಸನ್ನು ಕರೆಯುತ್ತಿದ್ದೆ. ಅಮ್ಮ ಮಾತ್ರ, "ಉಪ್ಪು ನೋಡಿದ್ದಕ್ಕೇ ಇಷ್ಟು ಉಪಚಾರ! ಬಟ್ಟಲು ತುಂಬ ಕುಡಿದಿದ್ದರೆ ಏನು ಮಾಡ್ತಿದ್ದರೋ" ಎಂದಳು. ನನಗೆ ನಗು ಬರಲಿಲ್ಲ. ತಪ್ಪು ಮಗುವಿನದಲ್ಲ. ಮಾತು ಬಿಡಿಸಿ ಕೊಟ್ಟವನು ನಾನು, ವಿಷವೆಂಬ ಮಾತನ್ನು ನುಂಗಿದವನೂ ನಾನೇ.

ಮಾರನೆಯ ಮಧ್ಯಾಹ್ನ ಬಿಟ್ಟರು. ಮನೆಗೆ ಬಂದವನೇ ಕೈಗವಸು ಹಾಕಿ, ಮೈತುಂಬ ಹೂವಿದ್ದ ಮೂರೂ ಗಿಡಗಳನ್ನು ಕಿತ್ತೆ. ಮಗಳು ಕಿಟಕಿಯಿಂದ ನೋಡುತ್ತಿದ್ದಳು. ಅಂದಿನಿಂದ ಅಜ್ಜಿ ಕನ್ನಡದಲ್ಲಿ ಏನು ಕೇಳಿದರೂ, "ಹಿಂದೀ ಮೇಂ ಬೋಲೋ" ಎಂದು ಗೋಡೆಗೊರಗಿ ನಿಲ್ಲುತ್ತಿದ್ದಳು.

ಕೊನೆಗೊಂದು ದಿನ ಅಮ್ಮ ಅವಳ ಕೈಹಿಡಿದು ದೊಡ್ಡಪತ್ರೆಯ ಕುಂಡದ ಹತ್ತಿರ ನಡೆಸಿಕೊಂಡು ಹೋದಳು. ಒಂದು ದಪ್ಪನೆಯ ಪುಟ್ಟ ಎಲೆ ಕಿತ್ತು, ಹೊಸಕಿ, ಅವಳ ಮೂಗಿಗೆ ಹಿಡಿದಳು.

"ನನ್ನ ಮೂಗು ಕೆಟ್ಟಿದೆ ಕಣೇ. ಇನ್ಮೇಲೆ ನೀನೇ ನೋಡಿ ಹೇಳ್ಬೇಕು. ಘಮ ಬಂತಾ?"

ಮಗಳು ತುಂಬ ಹೊತ್ತು ಮೂಸಿದಳು.

"ಬಂತು," ಎಂದಳು.

ಈಗಲೂ ತಂಬುಳಿಯ ದಿನ ಮೊದಲ ಚಮಚ ಬಾಯಿಗಿಡುವವನು ನಾನೇ.