ಭಾನುವಾರದ ಚೊಂಬು

ಸೇಡು ತೀರಿಸಿಕೊಂಡೆ ಎಂದು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ. ನಗುನಗುತ್ತಾ, ತುಂಬಿದ ತರಗತಿಯಲ್ಲಿ ತೀರಿಸಿಕೊಂಡೆ. ನೆನೆಸಿಕೊಂಡರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ತೊಂಬತ್ತರ ದಶಕದ ಮಾತು. ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದೆ. ಭಾನುವಾರ ಬಂದರೆ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋಗಿ, ಕರೆಸ್ಪಾಂಡೆನ್ಸ್‌ನಲ್ಲಿ ಬಿ.ಎ. ಓದುವವರಿಗೆ ತರಗತಿ ತೆಗೆದುಕೊಳ್ಳುತ್ತಿದ್ದೆ. ಬಸ್ ಕಂಡಕ್ಟರು, ಆಫೀಸ್ ಗುಮಾಸ್ತರು, ಹರವೆಯ ಒಬ್ಬ ಅರಿಶಿನ ಬೆಳೆಗಾರ, ಉಡಿಗಾಲದ ಒಬ್ಬ ಅಂಗನವಾಡಿ ಟೀಚರ್, ಇಂಥವರೇ ಎಲ್ಲ. ಪಾಠಗಳು ಅಂಚೆಯಲ್ಲಿ ಕಟ್ಟುಕಟ್ಟಾಗಿ ಬರುತ್ತಿದ್ದವು, ಬಿಚ್ಚದೆ ಹಾಗೇ ಅಟ್ಟ ಸೇರುತ್ತಿದ್ದವು. ಭಾನುವಾರ ನೋಟ್ಸ್ ಬರೆಸಲು ಕೂತರೆ ಅರ್ಧ ತರಗತಿ ತೂಕಡಿಸುತ್ತಿತ್ತು. ನಿದ್ದೆ ಮಾಡುವವರಿಗೆ ಪಾಠ ಹೇಳಲು ನನಗೇನು ಹುಚ್ಚೇ?

ತಲೆ ಕೆಡಿಸಿಕೊಂಡು ಒಂದು ಆಟ ಕಟ್ಟಿದೆ. ಪ್ರತಿಯೊಬ್ಬರಿಗೂ ಬೇರೆ ಊರಿನ ಒಬ್ಬರು ಜೊತೆಗಾರರು. ಪಾಠದಲ್ಲಿ ಅರ್ಥವಾಗದ್ದನ್ನು ಅಂಚೆ ಕಾರ್ಡಿನಲ್ಲಿ ಬರೆದು ಕೇಳಬೇಕು. ಜೊತೆಗಾರರು ತಮ್ಮ ಊರಿನದೇ ಉದಾಹರಣೆ ಕೊಟ್ಟು ಉತ್ತರ ಬರೆಯಬೇಕು. ಬೇಡಿಕೆಯ ಪಾಠ ಉಡಿಗಾಲದ ಅಂಗನವಾಡಿಯಾಕೆಯ ತಲೆಗೆ ಹತ್ತಿರಲಿಲ್ಲ. ಹರವೆಯವರು ಮಂಡಿಯಲ್ಲಿ ಅರಿಶಿನದ ಬೆಲೆ ಇಳಿದರೆ ಕೊಳ್ಳುವವರು ಹೇಗೆ ಮುಗಿಬೀಳುತ್ತಾರೆಂದು ಬರೆದು ತಿಳಿಸಿದ್ದರು. ಇನ್ನು ಭಾನುವಾರ, ಮೇಜಿನ ಮೇಲೆ ನಮ್ಮ ಮನೆಯ ಹಿತ್ತಾಳೆ ಚೊಂಬು. ಅದರ ತುಂಬ ಪ್ರಶ್ನೆ ಚೀಟಿಗಳು. ಯಾರು ಎದ್ದು ಮಾತಾಡಿದರೂ ಒಂದು ಚೀಟಿ ಎತ್ತಿ ಉತ್ತರ ಹೇಳಲೇಬೇಕು. ನನಗೂ ವಿನಾಯಿತಿ ಇರಲಿಲ್ಲ. ಆಮೇಲೆ ಯಾರೂ ತೂಕಡಿಸಲಿಲ್ಲ.

ಆ ಕೇಂದ್ರಕ್ಕೆ ಒಬ್ಬ ಕೋಆರ್ಡಿನೇಟರ್ ಇದ್ದರು. ಹಾಜರಿಗೆ ಸಹಿ ಹಾಕಿಸಿ ಕಾಫಿಗೆ ಹೋಗುವುದು ಅವರ ಕೆಲಸ. ವಿದ್ಯಾರ್ಥಿಗಳನ್ನು ‘ಏಯ್ ಹಸಿರು ಸೀರೆ’, ‘ಏಯ್ ಕಂಡಕ್ಟರ್’ ಎಂದೇ ಕರೆಯುತ್ತಿದ್ದರು. ಒಂದು ದಿನ ಬಾಗಿಲಲ್ಲಿ ನಿಂತು ಚೊಂಬು ನೋಡಿ ಗಹಗಹಿಸಿ ನಕ್ಕರು.

“ಏನ್ ಮೇಡಂ, ಇದನ್ನ ಅಂಗನವಾಡಿ ಮಾಡ್ಬುಟ್ರಲ್ಲ!”

ಉಡಿಗಾಲದಾಕೆ ತಲೆ ತಗ್ಗಿಸಿದರು. ನನಗೆ ಮೈಯೆಲ್ಲ ಉರಿಯಿತು. ನೀನು ಸಿಕ್ಕೇ ಸಿಕ್ತೀಯ, ಇರು ಎಂದುಕೊಂಡೆ.

ಸಿಕ್ಕರು. ಈ ಆಟದ ಸುದ್ದಿ ಹೇಗೋ ಮುಖ್ಯ ಕಚೇರಿಗೆ ಮುಟ್ಟಿತು. ಅದನ್ನು ರೂಪಿಸಿದವರನ್ನು ಬೇರೆ ಕೇಂದ್ರಗಳಿಗೆ ಕಳಿಸಿ ಅಲ್ಲಿನವರಿಗೂ ಕಲಿಸುವುದೆಂದು ನಿರ್ಧಾರವಾಗಿ, ನೋಡಿಹೋಗಲು ಹಿರಿಯ ಅಧಿಕಾರಿಯೊಬ್ಬರು ಬರುವುದೆಂದಾಯಿತು. ಹೋಗುವ ಆಸೆ ನನಗಿತ್ತು, ಬಹಳ ಇತ್ತು. ಅಷ್ಟರಲ್ಲಿ ಕೋಆರ್ಡಿನೇಟರ್ ನನ್ನನ್ನು ಕರೆಸಿದರು.

“ಆ ಚೊಂಬಿನ ವಿಷಯ ನಾನೇ ಹೇಳ್ತೀನಿ. ನೀವು ಹಿಂದೆ ಕೂತಿರಿ.”

“ಆಗಲಿ ಸಾರ್,” ಎಂದೆ. ಮನೆಗೆ ಬಂದು ಚೊಂಬನ್ನು ಹುಣಸೆಹಣ್ಣು ಹಾಕಿ ಫಳಫಳ ಬೆಳಗಿದೆ. ಹಳೆಯ ಚೀಟಿಗಳನ್ನೆಲ್ಲ ಒಲೆಗೆ ಹಾಕಿ ಹೊಸದಾಗಿ ಬರೆದೆ.

ಭಾನುವಾರ ಅವರು ಇಸ್ತ್ರಿ ಮುರಿಯದ ಸಫಾರಿಯಲ್ಲಿ ಅಧಿಕಾರಿಯ ಮುಂದೆ ನಿಂತು ಮಾತಾಡಿದರು. ದೂರ ಕೂತು ಓದುವವರ ಒಂಟಿತನ ಕಂಡು ಕರುಳು ಚುರುಕ್ ಎಂದಿತಂತೆ, ಅದಕ್ಕೇ ಈ ಆಟ ಕಟ್ಟಿದರಂತೆ, ಒಬ್ಬೊಬ್ಬರನ್ನೂ ಮನೆಮಕ್ಕಳಂತೆ ಬಲ್ಲರಂತೆ. ಮುಗಿಯುವ ತನಕ ಕಾದೆ. ಆಮೇಲೆ ಎದ್ದು ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದೆ.

“ಮಾತಾಡಿದವರು ಚೀಟಿ ಎತ್ತಬೇಕಲ್ಲ ಸಾರ್. ನೀವೇ ಮಾಡಿದ ನಿಯಮ.”

ಅಧಿಕಾರಿ ನಕ್ಕು, “ಎತ್ತಿ, ಎತ್ತಿ,” ಎಂದರು. ಇವರು ಎತ್ತಿ ಜೋರಾಗಿ ಓದಿದರು: “ಈ ತರಗತಿಯ ಒಬ್ಬರ ಹೆಸರು, ಊರು, ಕೆಲಸ, ಅವರಿಗೆ ಕಷ್ಟವಾಗಿದ್ದ ಪಾಠ ಹೇಳಿ.”

ಓದಿದ ಚೀಟಿ ಮಡಿಚಿಟ್ಟರು. “ಬೇರೆ ತಗೋತೀನಿ,” ಎಂದರು. ಮತ್ತೆ ಅದೇ ಪ್ರಶ್ನೆ. ಇನ್ನೊಂದು ಎತ್ತಿದರು, ಅದೂ ಅದೇ. ಇಡೀ ಚೊಂಬಿಗೆ ಒಂದೇ ಪ್ರಶ್ನೆ ತುಂಬಿಸಿದ್ದೆ. ಕೊರಳಲ್ಲಿ ಬೆವರಿಳಿಯುವುದನ್ನು ಹತ್ತಿರದಿಂದಲೇ, ಕಣ್ತುಂಬ ನೋಡಿದೆ. ಆಗ ಉಡಿಗಾಲದಾಕೆ ತಾವಾಗಿಯೇ ಎದ್ದು ನಿಂತರು. ಅದು ನಾನು ಹೇಳಿಕೊಟ್ಟದ್ದಲ್ಲ.

“ಪಾಠ ಓಗ್ಲಿ ಬುಡಿ ಸಾ. ನನ್ನೆಸ್ರಾದ್ರೂ ಯೋಳಿ.”

ಕೋಆರ್ಡಿನೇಟರ್ ಚೀಟಿಗಳನ್ನು ಚೊಂಬಿಗೆ ಹಾಕಿ ಕೂತುಬಿಟ್ಟರು. ಹೊರಡುವಾಗ ಅಧಿಕಾರಿ ಅವರನ್ನು ದಾಟಿ ನನ್ನ ಬಳಿ ಬಂದು, ಯಾವ ಭಾನುವಾರಗಳು ಬಿಡುವಿವೆ ಎಂದು ಕೇಳಿದರು. ಬೇರೆ ಕೇಂದ್ರಗಳಿಗೆ ನಾನೇ ಹೋದೆ.

ಕೆಲವು ವರ್ಷಗಳ ಮೇಲೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಆ ಮನುಷ್ಯ ಎದುರಾದರು. ರಿಟೈರಾಗಿ ಸೊರಗಿದ್ದರು. ನನ್ನನ್ನು ಕಂಡವರೇ ಹತ್ತಿರ ಬಂದು, ಮಗ್ಗಿ ಒಪ್ಪಿಸುವವರ ಹಾಗೆ ಹೇಳಿದರು.

“ಉಡಿಗಾಲ. ಅಂಗನವಾಡಿ ಟೀಚರ್. ಬೇಡಿಕೆಯ ಪಾಠ. ಆಮೇಲೆ ವಿಚಾರಿಸಿ ತಿಳ್ಕೊಂಡೆ ಮೇಡಂ.”

ಪಾಪ ಎನಿಸಬೇಕಿತ್ತು, ಎನಿಸಲಿಲ್ಲ.

“ಹೆಸರು ಸಾರ್?” ಎಂದೆ.

ಅವರು ಕತ್ತೆತ್ತಿ, ಎದುರಿಗೆ ನಿಂತ ಬಸ್ಸಿನ ಬೋರ್ಡು ಓದತೊಡಗಿದರು. ನಾನೂ ಹೇಳಿಕೊಡಲಿಲ್ಲ.